ಮೇದೋಜೀರಕದ ಉರಿಯೂತಕ್ಕೆಲ್ಲ ಕುಡಿತವೇ ಕಾರಣವೆಂಬ ತೀರ್ಮಾನ ಬೇಡ

ಸಂಪಾದಕರಿಗೆ,

ಮಾನ್ಯರೇ,

ತಮ್ಮ ಪತ್ರಿಕೆಯ ಆರೋಗ್ಯ ಪುರವಣಿಯಲ್ಲಿ ಇತ್ತೀಚೆಗೆ ಪ್ರಕಟವಾದ, ಮೇದೋಜೀರಕ ಗ್ರಂಥಿಯ ಉರಿಯೂತವನ್ನು ಕುರಿತ ಲೇಖನವನ್ನು ಓದಿದೆ. ಕಾಯಿಲೆಯ ಲಕ್ಷಣಗಳನ್ನೂ ಆಸ್ಪತ್ರೆಯಲ್ಲಿ ನೀಡುವ ಚಿಕಿತ್ಸೆಯನ್ನೂ ಲೇಖಕರು ತಿಳಿಯಾಗಿ ವಿವರಿಸಿದ್ದಾರೆ. ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಕಾರಣಗಳ ವಿಷಯಕ್ಕೆ ಬಂದಾಗ ಲೇಖನ ಮದ್ಯಪಾನವೊಂದನ್ನೇ ಹಿಡಿದು ನಿಂತಿದೆ. ಪಿತ್ತಕೋಶದ ಕಲ್ಲಿಗೆ ಒಂದು ವಾಕ್ಯ ಸಿಕ್ಕಿದೆ, ವಂಶವಾಹಿಗಳಿಗೆ ಅದೂ ಸಿಕ್ಕಿಲ್ಲ. ಕುಡಿಯದವರ ಹತ್ತಿರ ಈ ಕಾಯಿಲೆ ಸುಳಿಯುವುದಿಲ್ಲ ಎಂಬ ಅರ್ಥ ಬರುವಂತೆ ಲೇಖನ ಮುಗಿಯುತ್ತದೆ. ಜನ್ಮದಲ್ಲಿ ಮದ್ಯವನ್ನು ಮೂಸಿಯೂ ನೋಡದವರಲ್ಲಿ, ಇನ್ನೂ ಶಾಲೆಗೆ ಹೋಗುತ್ತಿರುವ ಮಕ್ಕಳಲ್ಲಿ ಕೂಡ ಈ ಕಾಯಿಲೆ ಕಾಣಿಸಿಕೊಳ್ಳುತ್ತದೆ ಎಂಬುದು ವೈದ್ಯಲೋಕಕ್ಕೆ ದಶಕಗಳಿಂದ ಗೊತ್ತಿರುವ ಸಂಗತಿ. ನಾನು ವೈದ್ಯೆಯಲ್ಲ, ಪದವಿಪೂರ್ವ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತಳಾದವಳು. ಲೇಖನ ಬಿಟ್ಟುಹೋದ ಭಾಗವನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ. ಪತ್ರ ಉದ್ದವಾಯಿತೆಂದು ತಾವು ಕತ್ತರಿ ಹಾಕುವುದಾದರೆ, ಆಸ್ಪತ್ರೆಯ ದಾಖಲೆ ಮತ್ತು ವಿಮೆಗೆ ಸಂಬಂಧಿಸಿದ ಭಾಗವನ್ನಾದರೂ ಉಳಿಸಿಕೊಳ್ಳಬೇಕೆಂದು ಕೋರುತ್ತೇನೆ.

ನಾವು ತಿನ್ನುವ ಬೇಳೆ, ಹಾಲು, ಮೊಟ್ಟೆ, ಮಾಂಸಗಳಲ್ಲಿರುವ ಪ್ರೋಟೀನನ್ನು ಸಣ್ಣ ಕರುಳಿನಲ್ಲಿ ತುಂಡರಿಸುವ ಮುಖ್ಯ ಕಿಣ್ವ ಟ್ರಿಪ್ಸಿನ್. ಜರ್ಮನಿಯ ವಿಲ್ಹೆಲ್ಮ್ ಕ್ಯೂನೆ 1876ರಲ್ಲಿ ಇದಕ್ಕೆ ಈ ಹೆಸರಿಟ್ಟರು. ಇದನ್ನು ತಯಾರಿಸುವುದು ಜಠರದ ಹಿಂದೆ ಅಡ್ಡಲಾಗಿ ಮಲಗಿರುವ ಮೇದೋಜೀರಕ ಗ್ರಂಥಿ. ಹೇಗೆ ತಯಾರಿಸಬೇಕೆಂಬ ಸೂಚನೆ ಇರುವುದು ಏಳನೆಯ ವರ್ಣತಂತುವಿನ ಉದ್ದನೆಯ ತೋಳಿನಲ್ಲಿರುವ ಪಿಆರ್‌ಎಸ್‌ಎಸ್1 ಎಂಬ ವಂಶವಾಹಿಯಲ್ಲಿ. ಅದು ಕುಳಿತಿರುವ ಜಾಗವೂ ಸ್ವಾರಸ್ಯದ್ದೇ: ಜೀರ್ಣಕ್ರಿಯೆಗೆ ಯಾವ ಸಂಬಂಧವೂ ಇಲ್ಲದ, ರೋಗನಿರೋಧಕ ಟಿ ಜೀವಕೋಶಗಳ ಗ್ರಾಹಕವನ್ನು ರೂಪಿಸುವ ವಂಶವಾಹಿಗಳ ಸಾಲಿನ ನಡುವೆ ಅದಕ್ಕೆ ಸ್ಥಳ ಸಿಕ್ಕಿದೆ. ಐದು ಎಕ್ಸಾನ್‌ಗಳ, ಅಂದರೆ ಪ್ರೋಟೀನಿನ ಸೂಚನೆ ಹೊತ್ತ ಐದು ತುಂಡುಗಳ, ಈ ಚಿಕ್ಕ ವಂಶವಾಹಿಯಿಂದ ಪ್ರೋಟೀನಿನ ಮೂಲ ಘಟಕಗಳಾದ ಅಮೈನೋ ಆಮ್ಲಗಳು 247 ಸೇರಿದ ಒಂದು ಸರಪಳಿ ಹೊರಬರುತ್ತದೆ.

ಪ್ರೋಟೀನನ್ನು ಕತ್ತರಿಸುವ ವಸ್ತುವನ್ನು, ಪ್ರೋಟೀನಿನಿಂದಲೇ ಆಗಿರುವ ಒಂದು ಗ್ರಂಥಿ ತನ್ನೊಳಗೆ ಇಟ್ಟುಕೊಂಡು ಬದುಕುವುದು ಹೇಗೆ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಅದಕ್ಕೆ ದೇಹ ಮಾಡಿಕೊಂಡಿರುವ ಏರ್ಪಾಡನ್ನು ತರಗತಿಯಲ್ಲಿ ವಿವರಿಸುವಾಗ ಪ್ರತಿ ವರ್ಷವೂ ನನಗೆ ಹೊಸದಾಗಿ ಬೆರಗಾಗುತ್ತಿತ್ತು. ಗ್ರಂಥಿಯಲ್ಲಿ ತಯಾರಾಗುವುದು ಟ್ರಿಪ್ಸಿನ್ ಅಲ್ಲ, ಟ್ರಿಪ್ಸಿನೋಜನ್ ಎಂಬ ಅದರ ನಿಷ್ಕ್ರಿಯ ರೂಪ. ಸರಪಳಿಯ ಮೊದಲ 15 ಅಮೈನೋ ಆಮ್ಲಗಳು ಅದನ್ನು ಜೀವಕೋಶದ ಸ್ರಾವದ ದಾರಿಗೆ ಹಚ್ಚಿ ಕಳಚಿಕೊಳ್ಳುತ್ತವೆ. ನಂತರದ ಎಂಟು ಅಮೈನೋ ಆಮ್ಲಗಳ ತುಣುಕು ಅಂಟಿಕೊಂಡಿರುವವರೆಗೂ ಕಿಣ್ವ ಕೆಲಸ ಆರಂಭಿಸುವಂತಿಲ್ಲ. ಟ್ರಿಪ್ಸಿನೋಜನ್ ಮೇದೋಜೀರಕ ರಸದೊಂದಿಗೆ ನಾಳದಲ್ಲಿ ಹರಿದು ಸಣ್ಣ ಕರುಳಿನ ಮೊದಲ ಭಾಗವನ್ನು ತಲುಪಿದ ಮೇಲೆಯೇ, ಅಲ್ಲಿನ ಒಳಪದರದ ಮೇಲೆ ಕಾದಿರುವ ಎಂಟರೋಕೈನೇಸ್ ಎಂಬ ಇನ್ನೊಂದು ಕಿಣ್ವ ಆ ತುಣುಕನ್ನು ಕತ್ತರಿಸಿ ತೆಗೆಯುತ್ತದೆ. ಹಾಗೆ ಎಚ್ಚೆತ್ತ ಟ್ರಿಪ್ಸಿನ್ ಉಳಿದ ಟ್ರಿಪ್ಸಿನೋಜನ್ ಅನ್ನೂ, ಕೈಮೋಟ್ರಿಪ್ಸಿನ್, ಇಲಾಸ್ಟೇಸ್ ಮೊದಲಾದ ಇತರ ಕಿಣ್ವಗಳನ್ನೂ ಎಬ್ಬಿಸುತ್ತದೆ. ಅಂದರೆ ಕರುಳಿನೊಳಗೆ ನಡೆಯಬೇಕಾದ ಇಡೀ ಸರಣಿ ಕ್ರಿಯೆಯ ಮೊದಲ ಕೊಂಡಿ ಟ್ರಿಪ್ಸಿನ್. ಅದು ಗ್ರಂಥಿಯೊಳಗೇ ಅಕಾಲದಲ್ಲಿ ಎಚ್ಚೆತ್ತರೆ ಗ್ರಂಥಿ ತನ್ನನ್ನು ತಾನೇ ಜೀರ್ಣಿಸಿಕೊಳ್ಳತೊಡಗುತ್ತದೆ. ಮೇದೋಜೀರಕದ ಉರಿಯೂತವೆಂದರೆ ಮೂಲತಃ ಈ ಸ್ವಯಂಜೀರ್ಣವೇ ಎಂದು ಹ್ಯಾನ್ಸ್ ಕಿಯಾರಿ 1896ರಷ್ಟು ಹಿಂದೆಯೇ ವಾದಿಸಿದ್ದರು.

ಹಾಗಾಗದಂತೆ ತಡೆಯಲು ಒಂದಕ್ಕಿಂತ ಹೆಚ್ಚು ಕಾವಲುಗಳಿವೆ. ಅಡುಗೆಮನೆಯ ಕುಕ್ಕರಿಗೆ ವಿಷಲ್ ಇದ್ದರೂ, ಅದು ಕಟ್ಟಿಕೊಂಡರೆ ಕಷ್ಟವೆಂದು ಸೇಫ್ಟಿ ವಾಲ್ವ್ ಬೇರೆಯಾಗಿ ಇರುತ್ತದಲ್ಲ, ಅಂಥದ್ದೇ ವ್ಯವಸ್ಥೆ ಇದು. ಗ್ರಂಥಿಯಲ್ಲಿ ಅಲ್ಪಸ್ವಲ್ಪ ಟ್ರಿಪ್ಸಿನ್ ಎಚ್ಚೆತ್ತರೆ ಅದನ್ನು ಹಿಡಿದು ಸುಮ್ಮನಾಗಿಸಲು ಇನ್ನೊಂದು ಪುಟ್ಟ ಪ್ರೋಟೀನ್ ಸಿದ್ಧವಾಗಿರುತ್ತದೆ. ಅದರ ವಂಶವಾಹಿ ಐದನೆಯ ವರ್ಣತಂತುವಿನಲ್ಲಿರುವ ಸ್ಪಿಂಕ್1. ಅದರ ಕೈಮೀರಿದಾಗ ಎರಡನೆಯ ಕಾವಲು ಕೆಲಸಕ್ಕಿಳಿಯುತ್ತದೆ: ಟ್ರಿಪ್ಸಿನ್ ಸರಪಳಿಯಲ್ಲೇ ಕತ್ತರಿಸಲು ಅನುಕೂಲವಾದ ಜಾಗಗಳಿದ್ದು, ಅಲ್ಲಿ ತುಂಡಾದ ಕಿಣ್ವ ನಿರುಪಯೋಗಿಯಾಗಿ ಹಾಳಾಗುತ್ತದೆ. ಅಂಥ ಒಂದು ಮುಖ್ಯ ಜಾಗ 122ನೆಯ ಅಮೈನೋ ಆಮ್ಲವಾದ ಆರ್ಜಿನೀನ್. ಟ್ರಿಪ್ಸಿನ್ ಕತ್ತರಿಸುವುದು ಲೈಸೀನ್ ಮತ್ತು ಆರ್ಜಿನೀನ್‌ಗಳ ಪಕ್ಕದಲ್ಲಿ ಮಾತ್ರ ಎಂಬುದನ್ನು ಇಲ್ಲಿ ನೆನಪಿಡಬೇಕು.

ಇನ್ನು ಕಾಯಿಲೆಗೆ ಬರೋಣ. ಕೆಲವು ಕುಟುಂಬಗಳಲ್ಲಿ ಮೇದೋಜೀರಕದ ಉರಿಯೂತ ತಲೆಮಾರಿನಿಂದ ತಲೆಮಾರಿಗೆ ಇಳಿದುಬರುತ್ತದೆ ಎಂಬುದನ್ನು ಅಮೆರಿಕದ ಮೇಯೋ ಕ್ಲಿನಿಕ್‌ನ ಕಂಫರ್ಟ್ ಮತ್ತು ಸ್ಟೈನ್‌ಬರ್ಗ್ 1952ರಲ್ಲಿ ವರದಿ ಮಾಡಿದರು. ಕಾರಣ ಪತ್ತೆಯಾದದ್ದು 1996ರಲ್ಲಿ. ಪಿಟ್ಸ್‌ಬರ್ಗ್‌ನ ಡೇವಿಡ್ ವಿಟ್‌ಕೂಂಬ್ ಮತ್ತು ಸಂಗಡಿಗರು ಅಂಥ ಕುಟುಂಬಗಳ ಡಿಎನ್‌ಎಯನ್ನು ಶೋಧಿಸಿದಾಗ ಪಿಆರ್‌ಎಸ್‌ಎಸ್1 ವಂಶವಾಹಿಯ ಮೂರನೆಯ ಎಕ್ಸಾನ್‌ನಲ್ಲಿ ಒಂದೇ ಒಂದು ಅಕ್ಷರ ಬದಲಾಗಿತ್ತು; ಅದರಿಂದ 122ನೆಯ ಜಾಗದಲ್ಲಿ ಆರ್ಜಿನೀನ್ ಇರಬೇಕಾದಲ್ಲಿ ಹಿಸ್ಟಿಡೀನ್ ಬಂದು ಕುಳಿತಿತ್ತು. (ಹಳೆಯ ವರದಿಗಳಲ್ಲಿ ಇದೇ ಬದಲಾವಣೆ 117 ಎಂಬ ಸಂಖ್ಯೆಯಲ್ಲಿ ಕಾಣಿಸುತ್ತದೆ, ಎಣಿಕೆಯ ಕ್ರಮ ಬೇರೆ, ಜಾಗ ಅದೇ.) ಆರ್ಜಿನೀನ್ ಇಲ್ಲದ ಮೇಲೆ ಅಲ್ಲಿ ಕತ್ತರಿಸುವಂತಿಲ್ಲ, ಕತ್ತರಿಸದಿದ್ದರೆ ಎಚ್ಚೆತ್ತ ಟ್ರಿಪ್ಸಿನ್ ಹಾಳಾಗುವುದಿಲ್ಲ. ತಂದೆ ತಾಯಿಯರಲ್ಲಿ ಒಬ್ಬರಿಂದ ಈ ಬದಲಾವಣೆ ಬಂದರೂ ಸಾಕು. ಹಾಗೆ ಪಡೆದವರಲ್ಲಿ ಸುಮಾರು ಶೇ 80ರಷ್ಟು ಮಂದಿಗೆ, ಬಹುತೇಕ ಬಾಲ್ಯದಲ್ಲಿಯೋ ಹದಿಹರೆಯದಲ್ಲಿಯೋ, ಕಾಯಿಲೆ ಕಾಣಿಸಿಕೊಳ್ಳುತ್ತದೆ. ಉಳಿದವರು ಅದೇ ವಂಶವಾಹಿಯನ್ನು ಹೊತ್ತು ನೆಮ್ಮದಿಯಾಗಿ ಬದುಕುತ್ತಾರೆ.

ಇಷ್ಟಕ್ಕೇ ನಿಲ್ಲಿಸಿದರೆ ನಮ್ಮ ನಾಡಿನ ಕಥೆ ಹೇಳಿದಂತಾಗುವುದಿಲ್ಲ. ದಕ್ಷಿಣ ಭಾರತದಲ್ಲಿ, ಅದರಲ್ಲೂ ಕೇರಳದಲ್ಲಿ, ಕುಡಿತದ ಸೋಂಕೇ ಇಲ್ಲದ ಬಡ ಕುಟುಂಬಗಳ ಎಳೆಯರಲ್ಲಿ ಮೇದೋಜೀರಕದೊಳಗೆ ದೊಡ್ಡ ದೊಡ್ಡ ಸುಣ್ಣದ ಕಲ್ಲುಗಳು ತುಂಬಿ, ಹೊಟ್ಟೆನೋವು, ಕೃಶತೆ, ಕೊನೆಗೆ ಸಕ್ಕರೆ ಕಾಯಿಲೆ ಬರುವುದನ್ನು ವೈದ್ಯ ಗೀವರ್ಗೀಸ್ 1960ರ ದಶಕದಿಂದ ದಾಖಲಿಸುತ್ತ ಬಂದರು. ಅದಕ್ಕೆ ಉಷ್ಣವಲಯದ ಮೇದೋಜೀರಕ ಉರಿಯೂತವೆಂದು ಹೆಸರಾಯಿತು. ಮರಗೆಣಸು ತಿನ್ನುವುದರಿಂದ ಬರುತ್ತದೆ ಎಂಬ ವಾದ ಬಹುಕಾಲ ನಡೆಯಿತು. ಮರಗೆಣಸು ಆಹಾರವೇ ಅಲ್ಲದ ಉತ್ತರ ಭಾರತದ ಊರುಗಳಲ್ಲೂ ಅದೇ ಕಾಯಿಲೆ ಕಂಡುಬಂದ ಮೇಲೆ ಆ ವಾದ ಸಡಿಲವಾಯಿತು. ಪಿಆರ್‌ಎಸ್‌ಎಸ್1ರ ಸುದ್ದಿ ಹೊರಬಿದ್ದಾಗ, ಕಾರಣ ಅಲ್ಲೇ ಇರಬೇಕೆಂದು ನಮ್ಮ ವಿಜ್ಞಾನಿಗಳೂ ಸಹಜವಾಗಿಯೇ ಹುಡುಕಿದರು. ಹೈದರಾಬಾದಿನ ಕೋಶೀಯ ಮತ್ತು ಅಣು ಜೀವಶಾಸ್ತ್ರ ಸಂಸ್ಥೆಯ (ಸಿಸಿಎಂಬಿ) ಜಿ.ಆರ್. ಚಂಡಕ್ ಮತ್ತು ಸಂಗಡಿಗರಿಗೆ 2002ರಲ್ಲಿ ಸಿಕ್ಕ ಉತ್ತರ ಬೇರೆಯೇ ಆಗಿತ್ತು: ಭಾರತೀಯ ರೋಗಿಗಳಲ್ಲಿ ಪಿಆರ್‌ಎಸ್‌ಎಸ್1ರ ಬದಲಾವಣೆಗಳು ಕಾಣಲಿಲ್ಲ, ಟ್ರಿಪ್ಸಿನ್ನಿನ ಕಾವಲುಗಾರನಾದ ಸ್ಪಿಂಕ್1ರಲ್ಲಿ ಬದಲಾವಣೆ ಎದ್ದು ಕಂಡಿತು. ಅದೇ ವರ್ಷ ಲಖನೌದ ಸಂಜಯ ಗಾಂಧಿ ಸ್ನಾತಕೋತ್ತರ ವೈದ್ಯಕೀಯ ಸಂಸ್ಥೆಯಿಂದಲೂ ಇದೇ ಬಗೆಯ ವರದಿ ಬಂದಿತು. ಸ್ಪಿಂಕ್1ರ 34ನೆಯ ಜಾಗದಲ್ಲಿ ಆಸ್ಪರಾಜೀನ್ ಬದಲು ಸೆರೀನ್ ಬರುವ ಈ ಬದಲಾವಣೆಯನ್ನು ಕಾಯಿಲೆಯೊಂದಿಗೆ ಮೊದಲು ಜೋಡಿಸಿದವರು ಜರ್ಮನಿಯ ಹೈಕೋ ವಿಟ್ (2000). ಸಾಮಾನ್ಯ ಜನರಲ್ಲಿ ನೂರಕ್ಕೆ ಒಬ್ಬಿಬ್ಬರಲ್ಲಿ ಇರುವ ಈ ಬದಲಾವಣೆ, ನಮ್ಮ ದೇಶದ ಉಷ್ಣವಲಯದ ಉರಿಯೂತದ ರೋಗಿಗಳಲ್ಲಿ ನೂರಕ್ಕೆ ಸುಮಾರು ನಲವತ್ತು ಮಂದಿಯಲ್ಲಿ ಸಿಕ್ಕಿತು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ನೂರಕ್ಕೆ ಒಬ್ಬಿಬ್ಬರಲ್ಲಿ ಇದೆಯೆಂದರೆ ಬೆಂಗಳೂರಿನಂಥ ಊರಿನಲ್ಲಿ ಲಕ್ಷಕ್ಕೂ ಮೇಲ್ಪಟ್ಟು ಜನ ಅದನ್ನು ಹೊತ್ತು ತಿರುಗುತ್ತಿರಬಹುದು. ಅವರಲ್ಲಿ ಹೆಚ್ಚಿನವರಿಗೆ ಈ ಕಾಯಿಲೆ ಬರುವುದೇ ಇಲ್ಲ. ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿದಾಗ ಬದಲಾದ ಸ್ಪಿಂಕ್1 ಪ್ರೋಟೀನ್ ಟ್ರಿಪ್ಸಿನನ್ನು ಮಾಮೂಲಿನಂತೆಯೇ ಹಿಡಿಯುತ್ತದೆ ಎಂಬುದೂ ನಿಜ, ಹಾಗಾಗಿ ಅದು ಒಂಟಿಯಾಗಿ ನಿಂತು ಕೆಲಸ ಮಾಡುವ ಕಾರಣವಲ್ಲ. ಬೇರೆ ವಂಶವಾಹಿಗಳೂ ಕೈಜೋಡಿಸುತ್ತವೆ. ಎಚ್ಚೆತ್ತ ಟ್ರಿಪ್ಸಿನನ್ನು ನಾಶಮಾಡಲು ನೆರವಾಗುವ ಕೈಮೋಟ್ರಿಪ್ಸಿನ್ ಸಿ ಎಂಬ ಕಿಣ್ವದ ವಂಶವಾಹಿಯಲ್ಲಿನ ದೋಷಗಳು 2008ರಲ್ಲಿ ಬೆಳಕಿಗೆ ಬಂದವು. ಟ್ರಿಪ್ಸಿನೋಜನ್ ಅನ್ನು ಗ್ರಂಥಿಯೊಳಗೇ ಎಬ್ಬಿಸಬಲ್ಲ ಕೆಥೆಪ್ಸಿನ್ ಬಿ ಎಂಬ ಇನ್ನೊಂದು ಪ್ರೋಟೀನ್ ಭೇದಕ ಕಿಣ್ವದ ವಂಶವಾಹಿಗೂ ನಮ್ಮ ಉಷ್ಣವಲಯದ ಉರಿಯೂತಕ್ಕೂ ನಂಟಿದೆಯೆಂದು ಹೈದರಾಬಾದಿನ ಅದೇ ತಂಡ ತೋರಿಸಿತು. ಕೆಡುಕಿನ ಬದಲಾವಣೆಗಳೇ ಎಲ್ಲವೂ ಎಂದಲ್ಲ. ಪಿಆರ್‌ಎಸ್‌ಎಸ್1ರ ಸೋದರಿಯಂತಿರುವ ಪಿಆರ್‌ಎಸ್‌ಎಸ್2 ವಂಶವಾಹಿಯ ಒಂದು ಬದಲಾವಣೆಯಿಂದ ಟ್ರಿಪ್ಸಿನ್ ಬೇಗ ಹಾಳಾಗಿ, ಅದನ್ನು ಪಡೆದವರಿಗೆ ಈ ಕಾಯಿಲೆಯಿಂದ ರಕ್ಷಣೆಯೇ ಸಿಗುತ್ತದೆ.

ಹಾಗೆಂದು ಮದ್ಯಪಾನವನ್ನು ನಿರಪರಾಧಿಯೆಂದು ಬಿಟ್ಟುಬಿಡುವ ಉದ್ದೇಶ ನನಗಿಲ್ಲ. ಪಿತ್ತಕೋಶದ ಕಲ್ಲು ಮತ್ತು ಮದ್ಯಪಾನ ಇವೆರಡೂ ಈ ಕಾಯಿಲೆಯ ಅತಿ ಸಾಮಾನ್ಯ ಕಾರಣಗಳೆಂಬುದು ಸತ್ಯವೇ. ಧೂಮಪಾನವೂ ಸ್ವತಂತ್ರವಾಗಿಯೇ ಕೇಡು ಮಾಡುತ್ತದೆ. ವಂಶವಾಹಿಯ ದೋಷವಿದ್ದವರು ಕುಡಿದರೆ, ಸೇದಿದರೆ ಕಾಯಿಲೆ ಇನ್ನಷ್ಟು ಬೇಗ ಬಲಿಯುತ್ತದೆ, ಮೇದೋಜೀರಕದ ಕ್ಯಾನ್ಸರಿನ ಅಪಾಯವೂ ಏರುತ್ತದೆ. ಆದರೆ ವಿಪರೀತ ಕುಡಿಯುವವರಲ್ಲೂ ಕೆಲವೇ ಮಂದಿಗೆ ಮೇದೋಜೀರಕದ ಉರಿಯೂತ ಬರುತ್ತದೆ, ಹೆಚ್ಚಿನವರಿಗೆ ಬರುವುದಿಲ್ಲ. ಯಾರಿಗೆ ಬರುತ್ತದೆ ಎಂಬುದರಲ್ಲಿಯೂ ಪಿಆರ್‌ಎಸ್‌ಎಸ್1 ಮತ್ತು ಪಿಆರ್‌ಎಸ್‌ಎಸ್2 ಇರುವ ಆ ಜಾಗಕ್ಕೆ ಪಾತ್ರವಿದೆ ಎಂದು 2012ರಲ್ಲಿ ವಿಟ್‌ಕೂಂಬ್ ಅವರ ತಂಡವೇ ಪ್ರಕಟಿಸಿತು. ಕುಡಿತ ಒಂದು ಕಡೆ, ವಂಶವಾಹಿ ಒಂದು ಕಡೆ ಎಂದು ಗೆರೆ ಎಳೆದು ವಿಂಗಡಿಸುವುದು ವಿಜ್ಞಾನಕ್ಕೇ ಸಾಧ್ಯವಾಗಿಲ್ಲ. ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಎರಡು ನಿಮಿಷದೊಳಗೆ ಆ ಗೆರೆ ಎಳೆದುಬಿಡುತ್ತಾರೆ ಎಂಬುದೇ ನನ್ನ ದೂರು.

ನಮ್ಮ ಸಂಬಂಧಿಕರ ಮಗ, ಎಂಜಿನಿಯರಿಂಗ್ ಓದುತ್ತಿರುವ ಹುಡುಗ. ಹೊಟ್ಟೆಯ ಮೇಲ್ಭಾಗದಲ್ಲಿ ಹುಟ್ಟಿ ಬೆನ್ನಿಗೆ ಇರಿಯುವ ನೋವು ತಾಳಲಾರದೆ, ಮಲಗಲೂ ಆಗದೆ, ಮಂಚದ ಅಂಚಿನಲ್ಲಿ ಮುಂದಕ್ಕೆ ಬಾಗಿ ಮಂಡಿಗಳನ್ನು ಎದೆಗೆ ಅವುಚಿಕೊಂಡು ಕುಳಿತಿದ್ದ. ನಗರದ ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದರು. ರಕ್ತದಲ್ಲಿ ಮೇದೋಜೀರಕದ ಕಿಣ್ವಗಳಾದ ಅಮೈಲೇಸ್, ಲೈಪೇಸ್ ಏರಿದ್ದವು. ಸಿಟಿ ಸ್ಕ್ಯಾನ್‌ನಲ್ಲಿ ಗ್ರಂಥಿಯ ನಾಳದುದ್ದಕ್ಕೂ ಸುಣ್ಣದ ಕಲ್ಲುಗಳು ಬೆಳ್ಳಗೆ ಕಂಡವು. ಕರ್ತವ್ಯದಲ್ಲಿದ್ದ ವೈದ್ಯರು ತಾಯಿಯನ್ನು ಹೊರಗೆ ಕಳುಹಿಸಿ, "ನಿಜ ಹೇಳಪ್ಪ, ಎಷ್ಟು ವರ್ಷದಿಂದ ಕುಡೀತಿದ್ದೀಯ?" ಎಂದು ಕೇಳಿದರು. ಇಲ್ಲ ಸಾರ್ ಎಂದರೆ, "ಎಲ್ಲರೂ ಮೊದಲು ಹೀಗೇ ಹೇಳೋದು" ಎಂದರು. ಮದ್ಯಪಾನದ ಬಗ್ಗೆ ಕೇಳುವುದು ವೈದ್ಯರ ಕರ್ತವ್ಯ, ತಾಯಿಯ ಎದುರು ಕೇಳದಿದ್ದದ್ದು ಅವರ ಸೌಜನ್ಯವೂ ಹೌದು, ಅದರಲ್ಲಿ ತಪ್ಪಿಲ್ಲ. ತಪ್ಪಾದದ್ದು ಆಮೇಲೆ. ಬಿಡುಗಡೆಯ ದಿನ ಕೈಗೆ ಬಂದ ಡಿಸ್ಚಾರ್ಜ್ ಸಮ್ಮರಿಯಲ್ಲಿ ರೋಗಿ ನಿರಾಕರಿಸಿದ ಮಾತು ಎಲ್ಲಿಯೂ ಇರಲಿಲ್ಲ. ಕಾರಣ ಎಂಬಲ್ಲಿ ಎಥನಾಲ್, ಅಂದರೆ ಮದ್ಯಸಾರ, ಎಂದು ಅಚ್ಚಾಗಿತ್ತು. ಆ ಒಂದು ಪದವನ್ನು ಹಿಡಿದುಕೊಂಡು ವಿಮಾ ಕಂಪನಿ, ಮದ್ಯಪಾನದ ಪರಿಣಾಮವಾಗಿ ಬಂದ ಕಾಯಿಲೆಗೆ ಪಾಲಿಸಿ ಅನ್ವಯಿಸದೆಂದು ಖರ್ಚನ್ನು ಕೊಡಲು ನಿರಾಕರಿಸಿತು. ಹಣ ಹೋದದ್ದು ಒಂದು ಸಂಕಟವಾದರೆ, ಮನೆಯೊಳಗೆ ಹುಡುಗನ ಮೇಲೆ ಬಿದ್ದ ಅನುಮಾನ ಇನ್ನೊಂದು. ಅವನ ಸ್ನೇಹಿತರನ್ನು ಮನೆಗೆ ಬರದಂತೆ ಮಾಡಿದರು, ಹಾಸ್ಟೆಲ್ ಬಿಡಿಸಿದರು. ಬಹಳ ದಿನಗಳ ನಂತರ ಬೇರೊಬ್ಬ ತಜ್ಞರು ಸಮಾಧಾನದಿಂದ ಕೂರಿಸಿಕೊಂಡು ವಂಶವೃಕ್ಷ ಬರೆದುಕೊಂಡಾಗ, ಅವನ ತಂದೆ ತಾಯಿ ಸೋದರತ್ತೆ ಸೋದರಮಾವನ ಮಕ್ಕಳೆಂಬುದೂ, ಅಜ್ಜಿಯ ಕಡೆಯ ಒಬ್ಬರು ಎಳೆಯ ವಯಸ್ಸಿನಲ್ಲಿಯೇ ಹೊಟ್ಟೆನೋವು ಮತ್ತು ಸಕ್ಕರೆ ಕಾಯಿಲೆಯಿಂದ ತೀರಿಕೊಂಡಿದ್ದರೆಂಬುದೂ ಹೊರಬಂದವು. ವಂಶವಾಹಿ ಪರೀಕ್ಷೆಯಲ್ಲಿ ಸ್ಪಿಂಕ್1ರ ಆ ಬದಲಾವಣೆ ತಂದೆಯಿಂದ ಬಂದ ಪ್ರತಿಯಲ್ಲೂ ತಾಯಿಯಿಂದ ಬಂದ ಪ್ರತಿಯಲ್ಲೂ ಇತ್ತು. ಎರಡೂ ಪ್ರತಿಗಳಲ್ಲಿ ಇರುವವರಿಗೆ ಅಪಾಯ ಬಹಳ ಹೆಚ್ಚು. ಸೋದರಸಂಬಂಧದ ಮದುವೆಗಳು ಸಾಮಾನ್ಯವಾಗಿರುವ ನಮ್ಮ ಕಡೆ, ಕುಡಿಯದ ಎಳೆಯ ರೋಗಿ ಎದುರಿಗಿದ್ದಾಗ ಕುಟುಂಬದ ಕುರಿತ ಈ ಪ್ರಶ್ನೆಗಳನ್ನು ಮೊದಲೇ ಕೇಳಬೇಕಿತ್ತು.

ಇದರರ್ಥ ಎಲ್ಲರೂ ಓಡಿಹೋಗಿ ವಂಶವಾಹಿ ಪರೀಕ್ಷೆ ಮಾಡಿಸಿಕೊಳ್ಳಬೇಕೆಂದಲ್ಲ. ಪಿತ್ತಕೋಶದ ಕಲ್ಲಿನಿಂದ ಒಮ್ಮೆ ನರಳಿದ ಐವತ್ತರ ವಯಸ್ಸಿನವರಿಗೆ ಅದರಿಂದ ಏನೂ ಸಿಗುವುದಿಲ್ಲ. ಬೇರೆ ಕಾರಣ ಕಾಣದೆ ಎಳೆಯ ವಯಸ್ಸಿನಲ್ಲಿ ಮತ್ತೆ ಮತ್ತೆ ಉರಿಯೂತ ಬಂದವರಿಗೆ, ಕುಟುಂಬದಲ್ಲಿ ಇನ್ನೊಬ್ಬರಿಗೆ ಅದೇ ಕಾಯಿಲೆ ಇದ್ದವರಿಗೆ ಪರೀಕ್ಷೆ ಉಪಯುಕ್ತ. ಅದರಲ್ಲಿಯೂ ಯಾವ ಯಾವ ವಂಶವಾಹಿಗಳನ್ನು ನೋಡುತ್ತಾರೆ ಎಂದು ಕೇಳಿ ತಿಳಿದುಕೊಳ್ಳಬೇಕು. ಪಾಶ್ಚಾತ್ಯ ಪಠ್ಯಗಳನ್ನು ನಂಬಿ ಪಿಆರ್‌ಎಸ್‌ಎಸ್1 ಒಂದನ್ನೇ ನೋಡಿದರೆ ನಮ್ಮವರಲ್ಲಿ ಬಹುಪಾಲು ಫಲಿತಾಂಶ ನೆಗೆಟಿವ್ ಬರುತ್ತದೆ. ವರದಿಯಲ್ಲಿ ಏನೂ ಇಲ್ಲವೆಂದ ಕೂಡಲೇ, ಹಾಗಾದರೆ ಕುಡಿತವೇ ಇರಬೇಕು ಎಂಬ ಅನುಮಾನಕ್ಕೆ ಇನ್ನಷ್ಟು ಬಲ ಬರುತ್ತದೆ. ಇದು ಪರೀಕ್ಷೆ ಮಾಡಿಸದಿರುವುದಕ್ಕಿಂತ ಕೆಟ್ಟದ್ದು. ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ ಮುನ್ನಡೆಸಿದ ಜೀನೋಮ್ ಇಂಡಿಯಾ ಯೋಜನೆಯಲ್ಲಿ ದೇಶದ ಬೇರೆ ಬೇರೆ ಸಮುದಾಯಗಳ ಹತ್ತು ಸಾವಿರ ಮಂದಿಯ ಸಂಪೂರ್ಣ ಜೀನೋಮ್, ಅಂದರೆ ಇಡೀ ಡಿಎನ್‌ಎ ಬರಹ, ಓದಲಾಗಿದ್ದು, 2025ರ ಜನವರಿಯಲ್ಲಿ ಆ ದತ್ತಾಂಶ ಸಂಶೋಧಕರಿಗೆ ತೆರೆದುಕೊಂಡಿದೆ. ಯಾವುದೋ ಅಪರೂಪದ ಬದಲಾವಣೆ ರೋಗಕ್ಕೆ ಕಾರಣವೋ ಅಥವಾ ನಮ್ಮ ಜನರಲ್ಲಿ ಸಾಮಾನ್ಯವಾಗಿ ಇರುವಂಥದ್ದೋ ಎಂದು ನಿರ್ಧರಿಸಲು ಇಂಥ ದತ್ತಾಂಶವೇ ಆಧಾರ. ಊರಿನಲ್ಲೇ ಇಷ್ಟೆಲ್ಲ ಇರುವಾಗ, ಸರ್ಕಾರಿ ಆಸ್ಪತ್ರೆಗಳ ಜಠರಕರುಳಿನ ವಿಭಾಗಗಳಲ್ಲಿ ಫಲಿತಾಂಶವನ್ನು ಕುಟುಂಬಕ್ಕೆ ಕನ್ನಡದಲ್ಲಿ ಬಿಡಿಸಿ ಹೇಳಬಲ್ಲ ಒಬ್ಬ ಆಪ್ತಸಮಾಲೋಚಕರನ್ನಾದರೂ ನೇಮಿಸುವುದು ಅತಿಯಾಸೆಯಲ್ಲ. ಮಗನ ವರದಿ ಓದಿದ ತಾಯಿ ಮೊದಲು ಕೇಳುವುದು, ಇದು ನನ್ನಿಂದ ಬಂತೇ, ಮಗಳಿಗೂ ಇದೆಯೇ, ಅವಳ ಮದುವೆಗೆ ತೊಂದರೆಯೇ ಎಂದು. ಪ್ರಯೋಗಶಾಲೆ ಕಳುಹಿಸುವ ಪಿಡಿಎಫ್ ಇದಕ್ಕೆ ಉತ್ತರ ಕೊಡುವುದಿಲ್ಲ.

ಚಿಕಿತ್ಸೆಯ ಬಗ್ಗೆ ತಮ್ಮ ಲೇಖನ ಸಾಕಷ್ಟು ಹೇಳಿರುವುದರಿಂದ ಒಂದೇ ಮಾತು ಸೇರಿಸುತ್ತೇನೆ. ಗ್ರಂಥಿ ಸೊರಗಿದವರಿಗೆ ಊಟದ ಜೊತೆಯಲ್ಲೇ ನುಂಗಲು ಕೊಡುವ ಕಿಣ್ವದ ಕ್ಯಾಪ್ಸೂಲ್‌ಗಳನ್ನು ಹಂದಿಯ ಮೇದೋಜೀರಕದಿಂದ ತಯಾರಿಸುತ್ತಾರೆ. ಸಸ್ಯಾಹಾರಿ ಮನೆಗಳಿಗಾಗಲಿ ಮುಸ್ಲಿಂ ಕುಟುಂಬಗಳಿಗಾಗಲಿ ಇದನ್ನು ಮುಂಚಿತವಾಗಿ ತಿಳಿಸಿ, ಅದು ಏಕೆ ಅನಿವಾರ್ಯವೆಂದು ವಿವರಿಸಿದರೆ ಬಹುತೇಕರು ಒಪ್ಪುತ್ತಾರೆ. ಯಾರೋ ಔಷಧಿ ಅಂಗಡಿಯಲ್ಲಿ ಹೇಳಿ ಗೊತ್ತಾದರೆ ಹೇಳದೆ ಕೇಳದೆ ನಿಲ್ಲಿಸಿಬಿಡುತ್ತಾರೆ, ತಿಂದದ್ದು ಮೈಗೆ ಹತ್ತದೆ ಇನ್ನಷ್ಟು ಬಡಕಲಾಗುತ್ತಾರೆ.

ಇನ್ನು ದಾಖಲೆಯ ಮಾತು. ಮದ್ಯಪಾನ, ಮಾದಕ ವಸ್ತುಗಳ ವ್ಯಸನ ಮತ್ತು ಅದರ ಪರಿಣಾಮಗಳಿಗೆ ನೀಡುವ ಚಿಕಿತ್ಸೆಯನ್ನು ಹೊರಗಿಡುವ ಷರತ್ತು ಆರೋಗ್ಯ ವಿಮೆಯ ಪಾಲಿಸಿಗಳಲ್ಲಿ ಸಾಮಾನ್ಯವಾಗಿ ಇರುತ್ತದೆ. ಹೀಗಿರುವಾಗ ಕಾರಣ ಎಂಬ ಕಾಲಮ್ಮಿನಲ್ಲಿ ಬರೆಯುವ ಒಂದು ಪದಕ್ಕೆ ಲಕ್ಷಾಂತರ ರೂಪಾಯಿಗಳ ತೂಕವಿದೆ. ರೋಗಿ ಒಪ್ಪಿಕೊಂಡಿದ್ದರೆ ಹಾಗೆಂದು ಬರೆಯಲಿ, ನಿರಾಕರಿಸಿದ್ದರೆ ನಿರಾಕರಿಸಿದ್ದಾನೆಂದು ಬರೆಯಲಿ, ಗೊತ್ತಾಗದಿದ್ದರೆ ಕಾರಣ ಪತ್ತೆಯಾಗಿಲ್ಲವೆಂದು ಬರೆಯಲಿ. ಕಾರಣ ತಿಳಿಯದ ಉರಿಯೂತ ಎಂಬುದು ವೈದ್ಯಶಾಸ್ತ್ರ ಒಪ್ಪಿರುವ ವರ್ಗವೇ ಆಗಿರುವುದರಿಂದ ಹಾಗೆ ಬರೆಯಲು ಯಾರೂ ಸಂಕೋಚಪಡಬೇಕಿಲ್ಲ. ಮದ್ಯಪಾನವನ್ನು ತಳ್ಳಿಹಾಕಿ ವಂಶವಾಹಿಯ ಕಾರಣ ಬರೆಸಿಕೊಂಡರೆ, ಹುಟ್ಟಿನಿಂದ ಬಂದದ್ದೆಂದು ವಿಮೆಯವರು ಮತ್ತೆ ತಕರಾರು ತೆಗೆಯಬಹುದೆಂಬ ಭಯ ಕೆಲವರಿಗಿದೆ. ಆ ಭಯಕ್ಕೆ ಕಾನೂನಿನಲ್ಲಿ ಉತ್ತರವಿದೆ. ಹೃದಯದ ಆನುವಂಶಿಕ ಕಾಯಿಲೆಯೊಂದಕ್ಕೆ ಸಂಬಂಧಿಸಿದ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ 2018ರ ಫೆಬ್ರವರಿಯಲ್ಲಿ, ಆನುವಂಶಿಕ ಕಾಯಿಲೆಗಳೆಂದು ಸಾರಾಸಗಟಾಗಿ ವಿಮೆಯಿಂದ ಹೊರಗಿಡುವುದು ತಾರತಮ್ಯವೆಂದು ತೀರ್ಪಿತ್ತಿತು. ಅದೇ ವರ್ಷದ ಮಾರ್ಚ್‌ನಲ್ಲಿ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರವೂ ಹೊಸ ಪಾಲಿಸಿಗಳಲ್ಲಿ ಅಂಥ ಷರತ್ತು ಸೇರಿಸಬಾರದೆಂದು ಕಂಪನಿಗಳಿಗೆ ಸೂಚಿಸಿತು.

ಆದ್ದರಿಂದ ಇಂಥ ಸ್ಥಿತಿಯಲ್ಲಿ ಸಿಲುಕಿರುವ ತಮ್ಮ ಓದುಗರು ಮೊದಲು ಆಸ್ಪತ್ರೆಗೆ ಲಿಖಿತ ಮನವಿ ಕೊಟ್ಟು, ತಮ್ಮ ಹೇಳಿಕೆಯನ್ನು ದಾಖಲಿಸಿದ ತಿದ್ದುಪಡಿಯ ಸಮ್ಮರಿ ಕೇಳಬೇಕು. ಕೇಸ್ ಶೀಟಿನ ಪ್ರತಿಯನ್ನೂ ಪಡೆದುಕೊಳ್ಳಬೇಕು. ಅದರೊಂದಿಗೆ ತಜ್ಞರ ಪತ್ರ, ಪರೀಕ್ಷಾ ವರದಿಗಳನ್ನು ಲಗತ್ತಿಸಿ ವಿಮಾ ಕಂಪನಿಯ ದೂರು ವಿಭಾಗಕ್ಕೆ ಬರೆಯಬೇಕು. ಒಂದು ತಿಂಗಳಾದರೂ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನಕರವಾಗಿಲ್ಲದಿದ್ದರೆ, ವಿಮಾ ದೂರುಗಳನ್ನು ಇತ್ಯರ್ಥಪಡಿಸುವ, ಬೆಂಗಳೂರಿನ ಜೆ.ಪಿ. ನಗರದಲ್ಲಿರುವ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ದೂರು ಸಲ್ಲಿಸಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರ ಅಗತ್ಯವೂ ಇಲ್ಲ. ಆದರೆ ಕಂಪನಿ ನಿರಾಕರಿಸಿದ ಒಂದು ವರ್ಷದೊಳಗೆ ಅರ್ಜಿ ಹೋಗಿರಬೇಕು.

ಇತಿ,
ನಿವೃತ್ತ ಜೀವಶಾಸ್ತ್ರ ಉಪನ್ಯಾಸಕಿ,
ಬಸವನಗುಡಿ, ಬೆಂಗಳೂರು